ಕಲಿಕೆಯ ಲೆಕ್ಕ, ಚಂದಾ ಲೆಕ್ಕ

ಆನ್‌ಲೈನ್ ಕೋರ್ಸ್ ನಡೆಸುವ ಯಾವುದೇ ಜಾಲತಾಣದಲ್ಲಿ, ನಡೆಸುವವರಿಗೆ ಮಾತ್ರ ಕಾಣುವ ಪುಟದಲ್ಲಿ, ಎರಡು ಪಟ್ಟಿಗಳು ಇದ್ದೇ ಇರುತ್ತವೆ. ಯಾವ ಸದಸ್ಯರು ಎಷ್ಟನೆಯ ಪಾಠದಲ್ಲಿದ್ದಾರೆ, ಕಡೆಯ ಸಲ ಎಂದು ಬಂದಿದ್ದರು, ಎಷ್ಟು ಪರೀಕ್ಷೆ ಬರೆದರು ಎಂಬುದು ಒಂದು ಪಟ್ಟಿ. ಯಾರ ಸದಸ್ಯತ್ವ ಎಂದು ಮುಗಿಯುತ್ತದೆ, ಯಾರದು ನವೀಕರಣವಾಯಿತು, ಯಾರ ಕಾರ್ಡಿನಿಂದ ಹಣ ಬರಲಿಲ್ಲ ಎಂಬುದು ಇನ್ನೊಂದು. ಕರ್ನಾಟಕ ಸಂಗೀತ ಹೇಳಿಕೊಡುವ ತಾಣವಿರಲಿ, ಸಿಇಟಿ ತಯಾರಿಯ ತಾಣವಿರಲಿ, ಅಮೆರಿಕದಲ್ಲೋ ದುಬೈಯಲ್ಲೋ ಬೆಳೆಯುತ್ತಿರುವ ಕನ್ನಡದ ಮಕ್ಕಳಿಗೆ ಅಕ್ಷರ ಕಲಿಸುವ ತಾಣವಿರಲಿ, ಇದರಲ್ಲಿ ವ್ಯತ್ಯಾಸವಿಲ್ಲ. ಎರಡು ಪಟ್ಟಿಗಳೂ ಬಹಳ ಸಲ ಒಂದೇ ತಂತ್ರಾಂಶದ ಒಳಗೇ ಇರುತ್ತವೆ, ಆದರೆ ಓದುವವರು ಬೇರೆ ಬೇರೆ. ಮೊದಲನೆಯದನ್ನು ಪಾಠ ಮಾಡುವವರು ಬಿಡುವಾದಾಗ ನೋಡುತ್ತಾರೆ; ಎರಡನೆಯದನ್ನು ಹಣಕಾಸಿನವರು ಬೆಳಗಾದರೆ ನೋಡುತ್ತಾರೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತೆ ಎರಡು ಲೆಕ್ಕಗಳೂ ಎರಡು ದಿಕ್ಕಿಗೆ ಎಳೆಯತೊಡಗಿದರೂ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಈ ಭಾಷಣದಲ್ಲಿ ನಾನು ವಾದಿಸಹೊರಟಿರುವುದು ಇಷ್ಟು: ಕಲಿಕೆಯ ಪಟ್ಟಿಯ ಪಕ್ಕದಲ್ಲಿಟ್ಟು ಓದದಿದ್ದರೆ ನವೀಕರಣದ ಸಂಖ್ಯೆಗೆ ಅರ್ಥವೇ ಇಲ್ಲ. ಹಾಗೆ ಪಕ್ಕಪಕ್ಕ ಇಟ್ಟ ಎರಡು ಪಟ್ಟಿಗಳನ್ನು ಮೊದಲು ನೋಡಬೇಕಾದವರು ಹಣ ಕೊಡುವ ಸದಸ್ಯರು, ಅದೂ ಹಣ ಖಾತೆಯಿಂದ ಹೋಗುವುದಕ್ಕೆ ಮುಂಚೆ.

ಮೊದಲು ಪ್ರಗತಿಯ ಪಟ್ಟಿಯನ್ನೇ ನೋಡೋಣ. ಅದರಲ್ಲಿ ಬರೆದಿರುವುದು ನಿಜಕ್ಕೂ ಪ್ರಗತಿಯೇ? ಅಮೆರಿಕದ ರಕ್ಷಣಾ ಇಲಾಖೆಯ ಆಶ್ರಯದಲ್ಲಿ 2000ದ ಸುಮಾರಿಗೆ ಸ್ಕಾರ್ಮ್ ಎಂಬ ಮಾನದಂಡ ರೂಪುಗೊಂಡಿತು. ಒಬ್ಬರು ತಯಾರಿಸಿದ ಪಾಠ ಇನ್ನೊಬ್ಬರ ತಾಣದಲ್ಲೂ ಕೆಲಸಮಾಡಬೇಕು, ಕಲಿಯುವವರ ಸ್ಥಿತಿಗತಿ ಒಂದೇ ಬಗೆಯಲ್ಲಿ ದಾಖಲಾಗಬೇಕು ಎಂಬುದು ಅದರ ಉದ್ದೇಶ. ಬಹುಕಾಲ ಬಳಕೆಯಲ್ಲಿದ್ದ ಅದರ ಆವೃತ್ತಿಯಲ್ಲಿ ಒಂದು ಪಾಠಕ್ಕೆ ಆರು ಸ್ಥಿತಿಗಳಿದ್ದವು: ಉತ್ತೀರ್ಣ, ಅನುತ್ತೀರ್ಣ, ಪೂರ್ಣ, ಅಪೂರ್ಣ, ಸುಮ್ಮನೆ ಕಣ್ಣಾಡಿಸಿದ್ದು, ಮುಟ್ಟಿಯೇ ಇಲ್ಲದ್ದು. ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಪಾಠ ಮುಗಿಸುವುದು ಬೇರೆ, ಪಾಸಾಗುವುದು ಬೇರೆ, ಸುಮ್ಮನೆ ನೋಡಿ ಹೋಗುವುದು ಮತ್ತೂ ಬೇರೆ ಎಂಬ ತಿಳಿವಳಿಕೆ ಇಪ್ಪತ್ತೈದು ವರ್ಷಗಳ ಹಿಂದಿನ ತಂತ್ರಜ್ಞರಿಗೇ ಇತ್ತು. ಆಸ್ಟ್ರೇಲಿಯಾದ ಮಾರ್ಟಿನ್ ಡುಗಿಯಾಮಾಸ್ 2002ರಲ್ಲಿ ಹೊರತಂದ, ಇಂದು ನಮ್ಮ ಎಷ್ಟೋ ಕಾಲೇಜುಗಳಲ್ಲೂ ಬಳಕೆಯಲ್ಲಿರುವ ಮೂಡಲ್ ತಂತ್ರಾಂಶದಲ್ಲೂ ಈ ಆಯ್ಕೆ ಶಿಕ್ಷಕರ ಕೈಯಲ್ಲಿದೆ. ಪುಟ ತೆರೆದರೆ ಸಾಕೇ, ಉತ್ತರ ಒಪ್ಪಿಸಬೇಕೇ, ಇಷ್ಟು ಅಂಕ ಬಂದರೆ ಮಾತ್ರ ಪೂರ್ಣವೇ ಎಂಬುದನ್ನು ಅವರೇ ಗೊತ್ತುಮಾಡಬಹುದು. ಆದರೆ ಚಂದಾ ಮೇಲೆ ನಡೆಯುವ ಬಹುಪಾಲು ತಾಣಗಳ ತೆರೆಯ ಮೇಲೆ ಸದಸ್ಯರಿಗೆ ಕಾಣುವುದು ಒಂದು ಹಸಿರು ಪಟ್ಟಿ, ಅದರ ಪಕ್ಕದಲ್ಲಿ ಶೇಕಡಾ 68 ಎಂಬಂಥ ಒಂದು ಅಂಕಿ. ವಿಡಿಯೊ ಕಡೆಯವರೆಗೆ ಓಡಿದರೆ ಪಟ್ಟಿ ಮುಂದಕ್ಕೆ ಸರಿಯುತ್ತದೆ. ಓಡುತ್ತಿದ್ದಾಗ ಸದಸ್ಯರು ಅಡುಗೆಮನೆಯಲ್ಲಿದ್ದರೋ ತೂಕಡಿಸುತ್ತಿದ್ದರೋ ಪಟ್ಟಿಗೆ ತಿಳಿಯದು. ಆರು ಸ್ಥಿತಿಗಳಲ್ಲಿ ಹಂಚಿಹೋಗಿದ್ದ ವಿವೇಕವನ್ನು ಒಂದು ಬಣ್ಣಕ್ಕೆ ಇಳಿಸಿದ್ದೇವೆ.

ಇದು ಮೊಸರಲ್ಲಿ ಕಲ್ಲು ಹುಡುಕುವ ಮಾತಲ್ಲ. ಅಮೆರಿಕದ ಸೇಂಟ್ ಲೂಯಿಯ ವಾಷಿಂಗ್ಟನ್ ವಿಶ್ವವಿದ್ಯಾಲಯದ ಮನೋವಿಜ್ಞಾನಿಗಳಾದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕಿ 2006ರಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. ಒಂದು ಗುಂಪಿನವರು ಒಂದೇ ಗದ್ಯಭಾಗವನ್ನು ನಾಲ್ಕು ಅವಧಿಗಳಲ್ಲೂ ಓದಿದರು. ಇನ್ನೊಂದು ಗುಂಪಿನವರು ಒಂದು ಅವಧಿ ಓದಿ, ಉಳಿದ ಮೂರರಲ್ಲಿ ಪುಸ್ತಕ ಮುಚ್ಚಿ ನೆನಪಿನಿಂದ ಬರೆದರು. ಐದು ನಿಮಿಷಗಳ ನಂತರ ಕೇಳಿದಾಗ ಓದಿದ ಗುಂಪೇ ಮುಂದು: ಅವರಿಗೆ ಶೇಕಡಾ 83ರಷ್ಟು ನೆನಪಿತ್ತು, ಬರೆದವರಿಗೆ 71. ವಾರ ಕಳೆದ ಮೇಲೆ ಚಿತ್ರ ತಿರುವುಮುರುವಾಯಿತು. ಓದಿದವರಲ್ಲಿ ಉಳಿದದ್ದು ಶೇಕಡಾ 40, ಬರೆದವರಲ್ಲಿ 61. ಇದರ ಜೊತೆಗೆ ಇನ್ನೊಂದು ಸಂಗತಿಯೂ ಹೊರಬಿತ್ತು: ತಮಗೆ ಚೆನ್ನಾಗಿ ನೆನಪಿರುತ್ತದೆ ಎಂಬ ಭರವಸೆ ಹೆಚ್ಚಾಗಿದ್ದದ್ದು ಬರೀ ಓದಿದವರಲ್ಲೇ. ಪಾಠ ನೋಡಿದ್ದನ್ನಷ್ಟೇ ಎಣಿಸುವ ಹಸಿರು ಪಟ್ಟಿ ಪೋಷಿಸುವುದು ಈ ಭರವಸೆಯನ್ನು. ಆ ಭರವಸೆಯ ಬಲದ ಮೇಲೆ ಸದಸ್ಯರು ಮುಂದಿನ ವರ್ಷಕ್ಕೂ ಹಣ ಕಟ್ಟಿದರೆ, ಅದು ಕಲಿತದ್ದಕ್ಕೆ ಕೊಟ್ಟ ಬೆಲೆಯಾಗುವುದಿಲ್ಲ.

ಬೇರೆ ರೀತಿಯಲ್ಲಿ ಲೆಕ್ಕ ಇಡಲು ಸಾಧ್ಯವಿಲ್ಲ ಎನ್ನುವವರು ನಮ್ಮ ದೇಶದ ಎನ್‌ಪಿಟಿಇಎಲ್ ಯೋಜನೆಯನ್ನು ನೋಡಬೇಕು. ಐಐಟಿಗಳೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಕೂಡಿ 2003ರಲ್ಲಿ ಆರಂಭಿಸಿದ ಯೋಜನೆ ಅದು. ಈಗ ಅದರ ಕೋರ್ಸ್‌ಗಳು ಕೇಂದ್ರ ಸರ್ಕಾರದ ಸ್ವಯಂ ತಾಣದಲ್ಲಿ ನಡೆಯುತ್ತವೆ. ಹನ್ನೆರಡು ವಾರಗಳ ಕೋರ್ಸಿನಲ್ಲಿ ವಾರಕ್ಕೊಂದು ಮನೆಗೆಲಸ. ಅವುಗಳಲ್ಲಿ ಉತ್ತಮವಾದ ಎಂಟನ್ನು ತೆಗೆದುಕೊಂಡು 25 ಅಂಕ, ಪರೀಕ್ಷಾ ಕೇಂದ್ರಕ್ಕೆ ಹೋಗಿ ಬರೆಯುವ ಪರೀಕ್ಷೆಗೆ 75 ಅಂಕ. ಪ್ರಮಾಣಪತ್ರ ಬೇಕಾದರೆ ಮೊದಲನೆಯದರಲ್ಲಿ ಕನಿಷ್ಠ 10, ಎರಡನೆಯದರಲ್ಲಿ ಕನಿಷ್ಠ 30 ಬರಬೇಕು. ವಿಡಿಯೊ ಎಷ್ಟು ಹೊತ್ತು ಓಡಿತು ಎಂಬುದಕ್ಕೆ ಅರ್ಧ ಅಂಕವೂ ಇಲ್ಲ. ಹಣ ಕೇಳುವ ಕ್ರಮವೂ ಯೋಚಿಸತಕ್ಕದ್ದು. ಕೋರ್ಸಿಗೆ ಸೇರುವುದು ಉಚಿತ, ಶುಲ್ಕವಿರುವುದು ಪರೀಕ್ಷೆಗೆ. ಕೋರ್ಸ್ ಆರಂಭವಾಗಿ ಕೆಲವು ವಾರಗಳಾದ ಮೇಲೂ ಪರೀಕ್ಷೆಗೆ ಹೆಸರು ಕೊಡಬಹುದು. ಅಂದರೆ ಪಾಠ ಹೇಗಿದೆ, ತನ್ನ ಕೈಲಾಗುತ್ತದೆಯೇ ಎಂದು ಕಂಡುಕೊಂಡ ಮೇಲೆ ಹಣದ ನಿರ್ಧಾರ. ಸರ್ಕಾರದ ನೆರವಿರುವ ಯೋಜನೆಗೆ ಇದು ಸುಲಭ, ಖಾಸಗಿಯವರಿಗೆ ಕಷ್ಟ ಎಂಬುದನ್ನು ಒಪ್ಪುತ್ತೇನೆ. ಆದರೆ ಕಲಿಕೆಯ ಲೆಕ್ಕ ಮೊದಲು, ಹಣದ ಲೆಕ್ಕ ಆಮೇಲೆ ಎಂಬ ಸರದಿ ಪಾಲಿಸುವುದಕ್ಕೆ ಅನುದಾನವೇ ಬೇಕೆಂದಿಲ್ಲ.

ಈ ಎರಡು ಲೆಕ್ಕಗಳ ಜಗಳ ಅಂತರ್ಜಾಲದೊಂದಿಗೆ ಹುಟ್ಟಿದ್ದಲ್ಲ. ಅಂಚೆ ಮೂಲಕ ಪಾಠ ಕಳಿಸುತ್ತಿದ್ದ ಕಾಲದಲ್ಲೇ ಇತ್ತು. ಅಮೆರಿಕದ ಕನೆಕ್ಟಿಕಟ್ ರಾಜ್ಯದಲ್ಲಿ 1961ರಲ್ಲಿ ಫೇಮಸ್ ರೈಟರ್ಸ್ ಸ್ಕೂಲ್ ಎಂಬ ಶಾಲೆ ಆರಂಭವಾಯಿತು. ಹೆಸರಾಂತ ಲೇಖಕರ ಭಾವಚಿತ್ರಗಳನ್ನು ಜಾಹೀರಾತಿನಲ್ಲಿ ಹಾಕಿ, ಮನೆಯಲ್ಲೇ ಕೂತು ಬರವಣಿಗೆ ಕಲಿಯಿರಿ ಎಂದು ಕರೆಯುತ್ತಿತ್ತು. ಜೆಸಿಕಾ ಮಿಟ್‌ಫರ್ಡ್ ಎಂಬ ಲೇಖಕಿ 1970ರ ಜುಲೈ ತಿಂಗಳ ಅಟ್ಲಾಂಟಿಕ್ ಪತ್ರಿಕೆಯಲ್ಲಿ ಆ ಶಾಲೆಯ ಒಳವ್ಯವಹಾರವನ್ನು ಬಯಲಿಗಿಟ್ಟರು. ಸೇರಿದವರಲ್ಲಿ ಬಹುಪಾಲು ಮಂದಿ ನಡುವೆಯೇ ಬಿಟ್ಟುಬಿಡುತ್ತಿದ್ದರು, ಬಿಟ್ಟವರ ಶುಲ್ಕದ ಮೇಲೆಯೇ ಶಾಲೆಯ ಲಾಭ ನಿಂತಿತ್ತು ಎಂಬುದು ಅವರ ಆರೋಪದ ತಿರುಳು. ಕಳಿಸಿದ ಪ್ರತಿ ಪಾಠವನ್ನೂ ಒಬ್ಬರು ಕೂತು ತಿದ್ದಬೇಕು, ಅದಕ್ಕೆ ಸಂಬಳ ಕೊಡಬೇಕು. ಪಾಠ ಕಳಿಸದೆ ಸುಮ್ಮನಾದವರಿಗೆ ಆ ಖರ್ಚೂ ಇಲ್ಲ. ಎರಡೇ ವರ್ಷಗಳಲ್ಲಿ, 1972ರಲ್ಲಿ, ಶಾಲೆ ದಿವಾಳಿಯಾಯಿತು. ಕಲಿಯುವವರು ಹೆಚ್ಚಿದರೆ ನಷ್ಟ, ಸುಮ್ಮನಿರುವವರು ಹೆಚ್ಚಿದರೆ ಲಾಭ ಎಂಬ ಸ್ಥಿತಿಗೆ ಒಂದು ಶಾಲೆ ಬಂದುಬಿಟ್ಟರೆ, ಅದರ ಶಿಕ್ಷಕರು ಎಷ್ಟೇ ಪ್ರಾಮಾಣಿಕರಾದರೂ ವ್ಯವಸ್ಥೆ ಅವರ ವಿರುದ್ಧ ಕೆಲಸಮಾಡುತ್ತದೆ. ನಮ್ಮಲ್ಲಿ ದೆಹಲಿ ವಿಶ್ವವಿದ್ಯಾಲಯ 1962ರಲ್ಲಿ ಅಂಚೆ ಶಿಕ್ಷಣ ಆರಂಭಿಸಿತು. ಅದೇ ದಶಕದ ಕೊನೆಗೆ ಮೈಸೂರು ವಿಶ್ವವಿದ್ಯಾಲಯದಲ್ಲೂ ಬಂತು. ಮುಂದೆ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವಾಗಿ ಬೆಳೆದದ್ದು ಅದೇ. ಆ ವ್ಯವಸ್ಥೆಯ ಕುಂದುಕೊರತೆಗಳು ಏನೇ ಇರಲಿ, ಮುಂದಿನ ವರ್ಷದ ಶುಲ್ಕವನ್ನು ವಿದ್ಯಾರ್ಥಿ ತಾನೇ ನೆನಪಿಟ್ಟು, ಚಲನ್ ತುಂಬಿ, ಬ್ಯಾಂಕಿನ ಸರದಿಯಲ್ಲಿ ನಿಂತು ಕಟ್ಟಬೇಕಿತ್ತು. ಆ ಸರದಿಯಲ್ಲಿ ನಿಂತಾಗ ಮನಸ್ಸಿಗೆ ಬರುತ್ತಿದ್ದ ಒಂದು ಪ್ರಶ್ನೆ, ಓದುತ್ತಿದ್ದೇನೆಯೇ ಎಂಬುದು, ಇವತ್ತು ಏಳುವುದೇ ಇಲ್ಲ. ಹಣ ತಾನಾಗಿಯೇ ಹೋಗುತ್ತದೆ.

ತಾನಾಗಿ ಹೋಗುವ ಹಣದ ಬಗ್ಗೆ ಅರ್ಥಶಾಸ್ತ್ರಜ್ಞರು ಕಂಡುಕೊಂಡದ್ದು ಕಡಿಮೆಯೇನಲ್ಲ. ಸ್ಟೆಫಾನೊ ಡೆಲ್ಲಾವಿನ್ಯ ಮತ್ತು ಉಲ್ರಿಕೆ ಮಾಲ್ಮೆಂಡಿಯರ್ ಅವರ 2006ರ ಅಧ್ಯಯನ ಈ ವಿಷಯದಲ್ಲಿ ಪ್ರಸಿದ್ಧವಾದದ್ದು. ಅಮೆರಿಕದ ಮೂರು ಜಿಮ್‌ಗಳ ಏಳೂವರೆ ಸಾವಿರಕ್ಕೂ ಹೆಚ್ಚು ಸದಸ್ಯರ ಮೂರು ವರ್ಷಗಳ ಹಾಜರಿಯನ್ನೂ ಪಾವತಿಯನ್ನೂ ಅವರು ಪಕ್ಕಪಕ್ಕ ಇಟ್ಟು ನೋಡಿದರು. ತಿಂಗಳಿಗೆ 70 ಡಾಲರಿಗೂ ಹೆಚ್ಚು ಕೊಟ್ಟವರು ತಿಂಗಳಲ್ಲಿ ಸರಾಸರಿ ನಾಲ್ಕು ಸಲವಷ್ಟೇ ಹೋಗಿದ್ದರು. ಒಂದು ಭೇಟಿಗೆ ಬಿದ್ದ ಖರ್ಚು 17 ಡಾಲರಿಗೂ ಹೆಚ್ಚು. ಹತ್ತು ಭೇಟಿಗಳ ಪಾಸ್ ಕೊಂಡಿದ್ದರೆ ಭೇಟಿಗೆ 10 ಡಾಲರಿನಲ್ಲಿ ಮುಗಿಯುತ್ತಿತ್ತು. ಅವರು ಕಂಡ ಇನ್ನೊಂದು ಅಂಕಿ ನಮ್ಮ ಇವತ್ತಿನ ವಿಷಯಕ್ಕೆ ನೇರವಾಗಿ ಸಂಬಂಧಿಸಿದ್ದು. ಸದಸ್ಯರು ಕಡೆಯ ಸಲ ಜಿಮ್ಮಿಗೆ ಹೋದ ದಿನಕ್ಕೂ ಸದಸ್ಯತ್ವ ರದ್ದು ಮಾಡಿಸಿದ ದಿನಕ್ಕೂ ನಡುವೆ ಸರಾಸರಿ ಎರಡು ತಿಂಗಳಿಗೂ ಮೀರಿದ ಅಂತರವಿತ್ತು. ಈ ಎರಡು ತಿಂಗಳುಗಳೂ ಜಿಮ್‌ನ ಪುಸ್ತಕದಲ್ಲಿ ನವೀಕರಣವೆಂದೇ ದಾಖಲಾಗಿರುತ್ತವೆ, ಹೋಗಿ ಬಂದವರ ನವೀಕರಣಕ್ಕೂ ಹೋಗದವರ ನವೀಕರಣಕ್ಕೂ ಪುಸ್ತಕದಲ್ಲಿ ಭೇದವಿಲ್ಲ. ಇತ್ತೀಚೆಗೆ ಲಿರಾನ್ ಐನಾವ್, ಬೆನ್ ಕ್ಲೋಪ್ಯಾಕ್ ಮತ್ತು ನೀಲ್ ಮಹೋನಿ ಇನ್ನೊಂದು ದಾರಿಯಿಂದ ಇದೇ ಜಾಗಕ್ಕೆ ಬಂದರು. ಕ್ರೆಡಿಟ್ ಕಾರ್ಡ್ ಅವಧಿ ಮುಗಿದು ಹೊಸದು ಬಂದಾಗ ಹಳೆಯ ಚಂದಾಗಳು ತಾವಾಗಿ ನಡೆಯುವುದಿಲ್ಲ. ಗ್ರಾಹಕರು ಹೊಸ ಕಾರ್ಡಿನ ವಿವರ ಕೊಡಬೇಕು. ಆ ಒಂದು ಕ್ಷಣದಲ್ಲಿ ಚಂದಾ ಬಿಡುವವರ ಸಂಖ್ಯೆ ತಟ್ಟನೆ ಏರಿತು. ಗ್ರಾಹಕರ ಗಮನವಿಲ್ಲದಿರುವುದರಿಂದ ಕಂಪನಿಗಳಿಗೆ ಬರುವ ಹೆಚ್ಚುವರಿ ಆದಾಯ, ಸೇವೆ ಯಾವುದೆಂಬುದರ ಮೇಲೆ, ಶೇಕಡಾ 14ರಿಂದ 200ಕ್ಕೂ ಮೇಲೆ ಎಂದು ಅವರು ಲೆಕ್ಕ ಹಾಕಿದರು. ಕಾರ್ಡು ಬದಲಾಯಿತು ಎಂಬ ಕಾರಣಕ್ಕೆ ಸೇವೆ ರಾತ್ರೋರಾತ್ರಿ ಕೆಟ್ಟುಹೋಗುವುದಿಲ್ಲವಲ್ಲ. ಕೇಳಿದಾಗ ಬೇಡ ಎಂದವರು ಕೇಳುವ ಮುಂಚೆಯೂ ಬೇಡ ಎಂಬ ಸ್ಥಿತಿಯಲ್ಲೇ ಇದ್ದರು. ಕೇಳಿರಲಿಲ್ಲ, ಅಷ್ಟೇ.

ಇಲ್ಲಿ ಆನ್‌ಲೈನ್ ಕೋರ್ಸಿನವರು ಎತ್ತುವ ಆಕ್ಷೇಪ ಒಂದಿದೆ, ಅದು ಹಗುರವಾದದ್ದಲ್ಲ. ಹಣ ಕೊಟ್ಟವರು ಕಲಿಯುತ್ತಾರೆ, ಉಚಿತವಾಗಿ ಬಂದವರು ಕಲಿಯುವುದಿಲ್ಲ. ಆದ್ದರಿಂದ ಹಣ ಹರಿಯುತ್ತಿರುವುದು ಸದಸ್ಯರಿಗೇ ಒಳ್ಳೆಯದು ಎನ್ನುತ್ತಾರೆ. ಅಂಕಿಗಳು ಮೇಲ್ನೋಟಕ್ಕೆ ಅವರ ಕಡೆಗೇ ಇವೆ. ಎಂಐಟಿ ಮತ್ತು ಹಾರ್ವರ್ಡ್ ಸೇರಿ 2012ರಲ್ಲಿ ಕಟ್ಟಿದ ಎಡ್ಎಕ್ಸ್ ತಾಣದ ಮುಖ್ಯಸ್ಥರಾಗಿದ್ದವರು ಮಂಗಳೂರಿನಲ್ಲಿ ಹುಟ್ಟಿ ಬೆಳೆದ ಅನಂತ್ ಅಗರ್‌ವಾಲ್. ವಿದ್ಯುನ್ಮಂಡಲಗಳನ್ನು ಕುರಿತು ಅವರು ನಡೆಸಿದ ಮೊದಲ ಉಚಿತ ಕೋರ್ಸಿಗೆ ಸುಮಾರು 1,55,000 ಜನ ಹೆಸರು ಕೊಟ್ಟರು. ಪ್ರಮಾಣಪತ್ರ ಪಡೆದವರು 7,157 ಮಂದಿ. ಮುಂದೆ ಜಸ್ಟಿನ್ ರೈಕ್ ಮತ್ತು ಹೋಸೆ ರುಯಿಪೆರೆಸ್-ವಾಲಿಯೆಂತೆ ಎಂಬ ಸಂಶೋಧಕರು ಆ ತಾಣದ ಆರು ವರ್ಷಗಳ ದಾಖಲೆಯನ್ನು ಜಾಲಾಡಿ 2019ರ ಸೈನ್ಸ್ ಪತ್ರಿಕೆಯಲ್ಲಿ ಬರೆದರು. ಹೆಸರು ಕೊಟ್ಟವರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಪಾಠದ ಪುಟವನ್ನೇ ತೆರೆಯಲಿಲ್ಲ. 2017-18ರಲ್ಲಿ ಕೋರ್ಸ್ ಮುಗಿಸಿದವರು ಒಟ್ಟಾರೆ ಶೇಕಡಾ 3ರಷ್ಟು. ಹಣ ಕೊಟ್ಟು ಪ್ರಮಾಣಪತ್ರದ ದಾರಿ ಹಿಡಿದವರಲ್ಲಿ ಶೇಕಡಾ 46. ಮೂರಕ್ಕೂ ನಲವತ್ತಾರಕ್ಕೂ ಇರುವ ದೂರ ಕಂಡರೆ ಹಣಕ್ಕೆ ಏನೋ ಮಾಂತ್ರಿಕ ಶಕ್ತಿ ಇದೆ ಅನ್ನಿಸುವುದು ಸಹಜ. ಆದರೆ ಮುಗಿಸಲೇಬೇಕೆಂದು ಹಟ ತೊಟ್ಟವರೇ ಹಣ ಕೊಡಲು ಮುಂದಾಗುತ್ತಾರೆ ಎಂಬುದನ್ನು ಮರೆಯಬಾರದು. ಹಟ ಹಣಕ್ಕಿಂತ ಮುಂಚೆ ಬಂದದ್ದು. ಮೇಲಾಗಿ ಅವರು ಹಣ ಕೊಟ್ಟದ್ದು ಒಂದು ಕೋರ್ಸಿಗೆ ಒಂದು ಸಲ, ತಿಳಿದು, ಕೈಯಾರೆ. ತಿಂಗಳು ತಿಂಗಳೂ ತಿಳಿಯದೆ ಹೋಗುವ ಹಣಕ್ಕೆ ಈ ಅಂಕಿಯನ್ನು ಸಾಕ್ಷಿಯಾಗಿ ಕರೆಯುವಂತಿಲ್ಲ. ಹಣ ಕೊಟ್ಟವರಲ್ಲೂ ಅರ್ಧಕ್ಕಿಂತ ಹೆಚ್ಚು ಜನ ಮುಗಿಸಲಿಲ್ಲ ಎಂಬುದನ್ನು ಈ ವಾದ ಮಾಡುವವರು ಜಾಹೀರಾತಿನಲ್ಲಿ ಹಾಕುವುದಿಲ್ಲ, ಅದು ಬೇರೆ ಮಾತು.

ಕಾರಣವನ್ನೂ ಪರಿಣಾಮವನ್ನೂ ಅದಲುಬದಲು ಮಾಡುವ ಈ ತಪ್ಪು ಎಷ್ಟು ಸುಲಭವಾಗಿ ಆಗುತ್ತದೆ ಎಂಬುದಕ್ಕೆ ಇಂಡಿಯಾನಾ ರಾಜ್ಯದ ಪರ್ಡ್ಯೂ ವಿಶ್ವವಿದ್ಯಾಲಯದ ಪ್ರಕರಣ ಸಾಕು. ಅಲ್ಲಿ ಕೋರ್ಸ್ ಸಿಗ್ನಲ್ಸ್ ಎಂಬ ವ್ಯವಸ್ಥೆ ತಂದರು. ವಿದ್ಯಾರ್ಥಿಯ ಅಂಕ, ಆನ್‌ಲೈನ್ ಓಡಾಟ, ಹಿಂದಿನ ಓದು ಇವನ್ನೆಲ್ಲ ಕೂಡಿಸಿ ಕೆಂಪು, ಹಳದಿ, ಹಸಿರು ದೀಪ ತೋರಿಸುವುದು ಅದರ ಕೆಲಸ. ಈ ದೀಪವಿರುವ ಕೋರ್ಸ್‌ಗಳನ್ನು ಎರಡು ಅಥವಾ ಹೆಚ್ಚು ತೆಗೆದುಕೊಂಡವರು ಕಾಲೇಜು ಬಿಡದೆ ಉಳಿಯುವ ಪ್ರಮಾಣ ಬಹಳ ಹೆಚ್ಚು ಎಂದು ವಿಶ್ವವಿದ್ಯಾಲಯ ಪ್ರಕಟಿಸಿತು. ದೇಶದ ತುಂಬ ಹೊಗಳಿಕೆ. 2013ರಲ್ಲಿ ಮೈಕ್ ಕಾಲ್‌ಫೀಲ್ಡ್ ಎಂಬವರು ಸರಳವಾದ ಒಂದು ಪ್ರಶ್ನೆ ಕೇಳಿದರು: ಕಾಲೇಜಿನಲ್ಲಿ ಹೆಚ್ಚು ಕಾಲ ಉಳಿದವರು ಹೆಚ್ಚು ಕೋರ್ಸ್ ತೆಗೆದುಕೊಳ್ಳುತ್ತಾರೆ, ಹಾಗಾಗಿ ಅವರಿಗೆ ದೀಪವಿರುವ ಕೋರ್ಸ್‌ಗಳೂ ಹೆಚ್ಚು ಸಿಗುತ್ತವೆ, ಅಲ್ಲವೇ? ಆಲ್ಫ್ರೆಡ್ ಎಸ್ಸಾ ಎಂಬ ಇನ್ನೊಬ್ಬರು ಕಂಪ್ಯೂಟರಿನಲ್ಲಿ ಒಂದು ಮಾದರಿ ಮಾಡಿ, ದೀಪದಿಂದ ಯಾವ ಉಪಕಾರವೂ ಇಲ್ಲದಿದ್ದರೂ ಅದೇ ಬಗೆಯ ಅಂಕಿ ಬರುತ್ತದೆ ಎಂದು ತೋರಿಸಿದರು. ದೀಪದ ಬದಲು ಚಾಕೊಲೇಟು ಹಂಚಿದ್ದರೂ ಲೆಕ್ಕ ಹಾಗೆಯೇ ಬರುತ್ತಿತ್ತು. ಇದೇ ಕಣ್ಣಿನಿಂದ ನಮ್ಮ ತಾಣಗಳ ಹೇಳಿಕೆಗಳನ್ನು ಓದಬೇಕು. ನವೀಕರಿಸಿದ ಸದಸ್ಯರು ಸರಾಸರಿ ಎರಡು ಪಟ್ಟು ಪಾಠ ನೋಡಿದ್ದಾರೆ ಎಂದರೆ, ಅವರು ಎರಡು ಪಟ್ಟು ಕಾಲ ಸದಸ್ಯರಾಗಿದ್ದರು ಎಂದಷ್ಟೇ ಇರಬಹುದು. ನಿಜವಾದ ಪರೀಕ್ಷೆ ಬೇರೆ: ಒಂದೇ ತಿಂಗಳಲ್ಲಿ ಸೇರಿದವರನ್ನು ಒಂದು ತಂಡವಾಗಿ ತೆಗೆದುಕೊಂಡು, ಮೊದಲ ಮೂರು ತಿಂಗಳಲ್ಲಿ ಯಾರು ಏನು ಕಲಿತರು, ಹನ್ನೆರಡನೆಯ ತಿಂಗಳಲ್ಲಿ ಅವರಲ್ಲಿ ಯಾರು ನವೀಕರಿಸಿದರು ಎಂದು ನೋಡಬೇಕು. ಕಲಿತವರೂ ಕಲಿಯದವರೂ ಒಂದೇ ಪ್ರಮಾಣದಲ್ಲಿ ನವೀಕರಿಸಿದ್ದರೆ ಆ ತಾಣ ಮಾರುತ್ತಿರುವುದು ಕೋರ್ಸನ್ನಲ್ಲ ಎಂದು ತಿಳಿಯಬೇಕು.

ಕಾನೂನು ಈ ದಿಕ್ಕಿನಲ್ಲಿ ಅರ್ಧ ದಾರಿ ಬಂದಿದೆ. ಅಮೆರಿಕದಲ್ಲಿ ಮಕ್ಕಳಿಗೆ ಓದು ಕಲಿಸುವ ಎಬಿಸಿಮೌಸ್ ತಾಣದ ಮೇಲೆ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ದಾವೆ ಹೂಡಿತು. ರದ್ದು ಮಾಡುವುದು ಸುಲಭ ಎಂದು ಭರವಸೆ ಕೊಟ್ಟು, ರದ್ದು ಮಾಡಹೊರಟವರನ್ನು ಪುಟದಿಂದ ಪುಟಕ್ಕೆ ಅಲೆಸಿದ್ದು, ವಾರ್ಷಿಕ ಸದಸ್ಯತ್ವ ತಾನಾಗಿ ನವೀಕರಣವಾಗುತ್ತದೆ ಎಂಬುದನ್ನು ಸ್ಪಷ್ಟವಾಗಿ ಹೇಳದಿದ್ದದ್ದು ಆರೋಪ. 2020ರಲ್ಲಿ ಕಂಪನಿ ಒಂದು ಕೋಟಿ ಡಾಲರ್ ಕೊಟ್ಟು ರಾಜಿಯಾಯಿತು. ಭಾರತದಲ್ಲಿ ಶಿಕ್ಷಣ ಸಚಿವಾಲಯ 2021ರ ಡಿಸೆಂಬರಿನಲ್ಲೇ, ಕೋರ್ಸ್ ಕಂಪನಿಗಳಿಗೆ ತಾನಾಗಿ ಹಣ ಕಡಿತವಾಗುವ ಒಪ್ಪಿಗೆ ಕೊಡಬೇಡಿ ಎಂದು ಪೋಷಕರಿಗೆ ಸಲಹೆ ಕೊಟ್ಟಿತು. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿಯಲ್ಲಿ ಹದಿಮೂರು ಬಗೆಯ ಮೋಸದ ವಿನ್ಯಾಸಗಳನ್ನು ಹೆಸರಿಸಲಾಗಿದೆ. ಒಳಗೆ ಬರಲು ಸುಲಭ, ಹೊರಗೆ ಹೋಗಲು ಕಷ್ಟವಾಗುವ ಚಂದಾ ಬಲೆ ಅವುಗಳಲ್ಲೊಂದು. ಇವೆಲ್ಲಕ್ಕಿಂತ ಹೆಚ್ಚು ಕೆಲಸಮಾಡಿದ್ದು ರಿಸರ್ವ್ ಬ್ಯಾಂಕಿನ ನಿಯಮ ಎಂದು ನನ್ನ ಎಣಿಕೆ. ಕಾರ್ಡಿನಿಂದ ಮರುಮರಳಿ ಹೋಗುವ ಹಣಕ್ಕೆ ಮೊದಲ ಸಲ ಹೆಚ್ಚುವರಿ ದೃಢೀಕರಣ ಬೇಕು, ಆಮೇಲೆ ಪ್ರತಿ ಸಲ ಕಡಿತಕ್ಕೆ ಕನಿಷ್ಠ 24 ಗಂಟೆ ಮುಂಚೆ ಸೂಚನೆ ಹೋಗಬೇಕು, ಆ ಸೂಚನೆಯಲ್ಲೇ ಬೇಡ ಎನ್ನಲು ಅವಕಾಶವಿರಬೇಕು ಎಂಬ ನಿಯಮ 2021ರ ಅಕ್ಟೋಬರಿನಿಂದ ಪೂರ್ತಿ ಜಾರಿಗೆ ಬಂತು. ಒಂದು ಮಿತಿಯ ಮೇಲಿನ ಮೊತ್ತಕ್ಕೆ ಪ್ರತಿ ಸಲವೂ ಒಟಿಪಿ ಬೇಕು. ಆಗ 5,000 ರೂಪಾಯಿ ಇದ್ದ ಆ ಮಿತಿ 2022ರ ಜೂನ್‌ನಲ್ಲಿ 15,000ಕ್ಕೆ ಏರಿತು. ಆರಂಭದಲ್ಲಿ ವ್ಯಾಪಾರಿಗಳು ಬಹಳ ಗೊಣಗಿದರು. ಆದರೆ ಚಲನ್ ಸರದಿಯಲ್ಲಿ ಏಳುತ್ತಿದ್ದ ಆ ಹಳೆಯ ಪ್ರಶ್ನೆಗೆ ಒಂದು ದಿನದ ಕಾಲಾವಕಾಶವಾದರೂ ಮತ್ತೆ ಸಿಕ್ಕಿತು.

ಕೊರತೆ ಎಲ್ಲಿದೆ ಎಂದರೆ, ಬರುವ ಸೂಚನೆಯಲ್ಲಿ ಯಾವ ಕಂಪನಿಗೆ ಎಷ್ಟು ಹಣ ಎಂಬುದಿರುತ್ತದೆ, ಆ ಹಣಕ್ಕೆ ಪಡೆದದ್ದೇನು ಎಂಬುದಿರುವುದಿಲ್ಲ. ಬ್ಯಾಂಕಿಗೆ ಅದು ಗೊತ್ತೂ ಇಲ್ಲ. ಗೊತ್ತಿರುವುದು ತಾಣಕ್ಕೆ. ಆದ್ದರಿಂದ ತಾಣವೇ ಹೇಳಬೇಕು. ವಾರ್ಷಿಕ ಸದಸ್ಯತ್ವ ಮುಗಿಯಲು ತಿಂಗಳಿದೆ ಎನ್ನುವಾಗ ಹೋಗುವ ಪತ್ರ ಹೀಗಿರಲಿ: ನೀವು ಕಡೆಯ ಸಲ ಪಾಠಕ್ಕೆ ಬಂದದ್ದು ಇಂಥ ದಿನ, ಈ ವರ್ಷ ಬರೆದ ಪರೀಕ್ಷೆಗಳು ಇಷ್ಟು, ಪಾಸಾದದ್ದು ಇಷ್ಟು, ಸೇರುವಾಗ ನೀವು ಕಲಿಯಬೇಕೆಂದಿದ್ದ ವಿಷಯದಲ್ಲಿ ಉಳಿದಿರುವುದು ಇಷ್ಟು, ಮುಂದಿನ ವರ್ಷಕ್ಕೆ ಇಷ್ಟು ರೂಪಾಯಿ. ಕೆಳಗೆ ಎರಡು ಗುಂಡಿಗಳು, ಒಂದೇ ಗಾತ್ರದವು: ಮುಂದುವರಿಸಿ, ನಿಲ್ಲಿಸಿ. ತಿಂಗಳ ಚಂದಾ ಆದರೆ, ಎರಡು ತಿಂಗಳು ಬಾರದವರ ಹಣ ತೆಗೆದುಕೊಳ್ಳುವುದನ್ನು ತಾಣ ತಾನೇ ತಡೆಹಿಡಿಯಲಿ. ಸದಸ್ಯರು ಮರಳಿ ಬಂದ ದಿನದಿಂದ ಮತ್ತೆ ಎಣಿಕೆಯಾಗಲಿ. ಇದಕ್ಕೆ ಯಂತ್ರಬುದ್ಧಿ ಬೇಕಿಲ್ಲ, ಹೊಸ ತಂತ್ರಾಂಶವೂ ಬೇಕಿಲ್ಲ. ಕಡೆಯ ಭೇಟಿಯ ತಾರೀಖು, ಮುಂದಿನ ಪಾವತಿಯ ತಾರೀಖು, ಈ ಎರಡರ ನಡುವಿನ ವ್ಯತ್ಯಾಸವನ್ನು ಕಂಡುಹಿಡಿಯುವುದು ಎಕ್ಸೆಲ್ ಹಾಳೆ ತೆರೆಯಬಲ್ಲ ಯಾರಿಗೂ ಸಾಧ್ಯ.

ಇದನ್ನು ಕೇಳಿ ಮೊದಲು ಬೇಸರವಾಗುವುದು ಸಣ್ಣ ಶಿಕ್ಷಕರಿಗೆ, ಅವರ ಬೇಸರದಲ್ಲಿ ನ್ಯಾಯವಿದೆ. ಮನೆಯ ಕೋಣೆಯೊಂದರಿಂದ ವೀಣೆ ಕಲಿಸುವವರು, ಯಕ್ಷಗಾನದ ತಾಳಗಳನ್ನು ವಿಡಿಯೊ ಮಾಡಿ ಹಾಕುವವರು, ಸ್ಪರ್ಧಾತ್ಮಕ ಪರೀಕ್ಷೆಗೆ ಕನ್ನಡದಲ್ಲಿ ಪಾಠ ಹೇಳುವವರು, ಇವರ ಹಿಂದೆ ಹೂಡಿಕೆದಾರರಿಲ್ಲ. ತಿಂಗಳಿಗೆ ಇಷ್ಟು ಬರುತ್ತದೆ ಎಂಬ ಭರವಸೆ ಇದ್ದರಷ್ಟೇ ಕ್ಯಾಮೆರಾದ ಕಂತು ಕಟ್ಟಬಹುದು. ಬಾರದವರ ಹಣ ಬೇಡ ಎಂದರೆ ಮೂರನೆಯ ಒಂದು ಭಾಗ ಆದಾಯ ಹೋದೀತು ಎಂದು ಅವರು ಹೆದರಬಹುದು. ಹೋಗಲೂಬಹುದು. ಆದರೆ ಆ ಭಾಗ ಇವತ್ತೂ ಅವರದ್ದಾಗಿ ಉಳಿಯುವ ಹಣವಲ್ಲ. ಕಾರ್ಡ್ ಬದಲಾದ ದಿನ ಹೋಗುವ ಹಣ. ಅದರ ಮೇಲೆ ಕಂತು ಕಟ್ಟುವುದು ಅಪಾಯ. ಅದಕ್ಕಿಂತ ಕೊನೆ ಇರುವ ಕೋರ್ಸ್ ಮಾರುವುದು ಅವರಿಗೇ ಕ್ಷೇಮ. ಹನ್ನೆರಡು ವಾರ, ಇಷ್ಟು ಕೃತಿಗಳು, ಇಷ್ಟು ಶುಲ್ಕ. ಮುಗಿದ ಮೇಲೆ ಮುಂದಿನ ಹಂತಕ್ಕೆ ಹೊಸ ಶುಲ್ಕ. ಗುರುವಿನ ಮನೆಗೆ ಹೋಗಿ ಕಲಿಯುವಾಗಲೂ ವರ್ಣ ಪಕ್ವವಾದ ಮೇಲೆ ಕೀರ್ತನೆಗೆ ಹೋಗುತ್ತಿದ್ದರು. ಹಂತ ಹಂತವಾಗಿ ಒಪ್ಪಿಸುವುದು ಈ ನೆಲದ ಕಲಿಕೆಗೆ ಹೊಸದಲ್ಲ. ಸಾವಿರ ಸಿನಿಮಾ ಇಟ್ಟುಕೊಂಡ ಮನರಂಜನೆಯ ತಾಣಕ್ಕೆ ಹೇಳಿ ಮಾಡಿಸಿದ ತಿಂಗಳ ಚಂದಾವನ್ನು ಕೋರ್ಸಿಗೆ ತಂದು ಅಂಟಿಸಿದ್ದೇ ಈ ಗೊಂದಲದ ಒಂದು ಮೂಲ. ಕೋರ್ಸ್ ಎಂದರೆ ಮುಗಿಯಬೇಕಾದದ್ದು.

ಜನ ವಯಸ್ಕರು, ತಮ್ಮ ಹಣವನ್ನು ತಾವು ನೋಡಿಕೊಳ್ಳಲಿ ಎನ್ನುವವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಲೆಕ್ಕ ಕೈಯಲ್ಲಿದ್ದವರು ಮಾತ್ರ ಲೆಕ್ಕ ನೋಡಿಕೊಳ್ಳಬಲ್ಲರು. ಮತ್ತೊಂದು ಆಕ್ಷೇಪ ಇದಕ್ಕಿಂತ ಸೂಕ್ಷ್ಮವಾದದ್ದು: ಎಲ್ಲರೂ ಕೋರ್ಸ್ ಮುಗಿಸಲೆಂದೇ ಸೇರುವುದಿಲ್ಲ, ಯಾರೋ ಒಂದು ಅಧ್ಯಾಯಕ್ಕಾಗಿ ಬಂದು ಬೇಕಾದ್ದು ಪಡೆದು ಹೋಗುತ್ತಾರೆ, ಅವರನ್ನು ಸೋತವರ ಪಟ್ಟಿಗೆ ಸೇರಿಸುವುದು ಅನ್ಯಾಯ. ಒಪ್ಪತಕ್ಕ ಮಾತು. ಸ್ಟ್ಯಾನ್‌ಫರ್ಡಿನ ರೆನೆ ಕಿಜಿಲ್ಚೆಕ್ ಮತ್ತು ಸಂಗಡಿಗರು 2013ರಲ್ಲೇ ಆನ್‌ಲೈನ್ ಕಲಿಯುವವರಲ್ಲಿ ಮುಗಿಸುವವರು, ಪರೀಕ್ಷೆ ಬರೆಯದೆ ಕೇಳಿಸಿಕೊಳ್ಳುವವರು, ನಡುವೆ ಬಿಡುವವರು, ರುಚಿ ನೋಡಿ ಹೋಗುವವರು ಎಂದು ನಾಲ್ಕು ಬಗೆ ಗುರುತಿಸಿದ್ದರು. ಆದರೆ ಈ ಆಕ್ಷೇಪ ನನ್ನ ವಾದವನ್ನು ಬಲಪಡಿಸುತ್ತದೆಯೇ ಹೊರತು ಕೆಡವುವುದಿಲ್ಲ. ಒಂದು ಅಧ್ಯಾಯ ಪಡೆದು ತೃಪ್ತರಾದವರಿಂದ ಹನ್ನೊಂದು ತಿಂಗಳು ಹಣ ಪಡೆಯುತ್ತಿದ್ದರೆ ಅನ್ಯಾಯ ಅಲ್ಲೇ ಇದೆ. ಸೇರುವಾಗಲೇ ಏನು ಬೇಕು ಎಂದು ಕೇಳಿ ಬರೆದುಕೊಂಡರೆ ಆ ಬೇಡಿಕೆಯೇ ಅಳತೆಗೋಲಾಗುತ್ತದೆ, ಶೇಕಡಾ ನೂರು ಎಂಬ ಹುಸಿ ಗುರಿ ಬೇಕಾಗುವುದಿಲ್ಲ.

ರದ್ದು ಮಾಡುವ ಬದಲು ನೆನಪಿಸಿ, ಹುರಿದುಂಬಿಸಿ ಮರಳಿ ಕರೆತರಬಾರದೇ ಎಂದೂ ಕೇಳುತ್ತಾರೆ. ಪ್ರಯತ್ನಿಸಲಿ. ಆದರೆ ಅದರ ಶಕ್ತಿಯನ್ನು ಹೆಚ್ಚಾಗಿ ಎಣಿಸಬಾರದು. ಇದೇ ಕಿಜಿಲ್ಚೆಕ್ ಮತ್ತು ಅನೇಕ ಸಹೋದ್ಯೋಗಿಗಳು ಸುಮಾರು 250 ಕೋರ್ಸ್‌ಗಳಲ್ಲಿ, ಎರಡೂವರೆ ಲಕ್ಷ ಕಲಿಯುವವರ ಮೇಲೆ, ಎರಡೂವರೆ ವರ್ಷ ನಡೆಸಿದ ಪ್ರಯೋಗದ ಫಲಿತಾಂಶ 2020ರಲ್ಲಿ ಬಂತು. ಯಾವಾಗ, ಎಲ್ಲಿ ಕೂತು ಓದುತ್ತೀರಿ ಎಂದು ಮೊದಲೇ ಬರೆಸಿಕೊಂಡರೆ ಆರಂಭದ ವಾರಗಳಲ್ಲಿ ಹುರುಪು ಹೆಚ್ಚಿತು. ಕೋರ್ಸಿನ ಕೊನೆ ಮುಟ್ಟಿದವರ ಸಂಖ್ಯೆ ಹೆಚ್ಚಲಿಲ್ಲ. ಚಿಕ್ಕ ಪ್ರಯೋಗಗಳಲ್ಲಿ ಕಂಡ ದೊಡ್ಡ ಲಾಭ ದೊಡ್ಡ ಪ್ರಯೋಗದಲ್ಲಿ ಕರಗಿಹೋಯಿತು. ಜಾಣ ಸಂದೇಶವೊಂದರಿಂದ ಸುಮ್ಮನಾದವರನ್ನೆಲ್ಲ ಎಬ್ಬಿಸಬಹುದು ಎಂದು ನಂಬಿ ಅವರ ಹಣವನ್ನು ಹಿಡಿದಿಟ್ಟುಕೊಳ್ಳುವುದಕ್ಕೆ ಇದರಲ್ಲಿ ಆಧಾರವಿಲ್ಲ.

ಉಳಿದದ್ದು ಒಂದು ಆತಂಕ, ಅದು ನನ್ನ ವಾದದಿಂದಲೇ ಹುಟ್ಟುವಂಥದ್ದು. ಕಲಿಕೆಯ ಲೆಕ್ಕ ಇಡಿ ಎಂದರೆ ಬೇಹುಗಾರಿಕೆಗೆ ಬಾಗಿಲು ತೆರೆದಂತೆ ಆಗುವುದಿಲ್ಲವೇ? ಯಾವ ಗಂಟೆಗೆ ಎದ್ದರು, ಯಾವ ವಾಕ್ಯದಲ್ಲಿ ವಿಡಿಯೊ ನಿಲ್ಲಿಸಿದರು, ಮೌಸ್ ಎಲ್ಲಿ ಓಡಾಡಿತು ಎಂದೆಲ್ಲ ಸಂಗ್ರಹಿಸುವ ತಾಣಗಳಿವೆ. ನವೀಕರಣವನ್ನು ಕಲಿಕೆಗೆ ಕಟ್ಟಲು ಇವು ಯಾವುವೂ ಬೇಡ. ಕಡೆಯ ಭೇಟಿಯ ದಿನ, ಪರೀಕ್ಷೆಯ ಫಲಿತಾಂಶ ಸಾಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹದಿನೆಂಟು ವರ್ಷದೊಳಗಿನವರನ್ನು ಮಕ್ಕಳೆಂದು ಕರೆದು, ಅವರ ನಡವಳಿಕೆಯ ಮೇಲೆ ನಿಗಾ ಇಡುವುದಕ್ಕೂ ಅವರಿಗೆ ಗುರಿಯಿಟ್ಟು ಜಾಹೀರಾತು ತೋರಿಸುವುದಕ್ಕೂ ತಡೆ ಹಾಕಿದೆ. ಶಿಕ್ಷಣ ಸಂಸ್ಥೆಗಳಿಗೆ ಪಾಠದ ಕೆಲಸಕ್ಕೆ ಬೇಕಾದಷ್ಟು ಸಡಿಲಿಕೆ ನಿಯಮಗಳಲ್ಲಿದೆ. ಪಾಠಕ್ಕೆಂದು ಇಟ್ಟ ಲೆಕ್ಕವನ್ನು ಮಾರಾಟದವರು ತೆಗೆದುಕೊಂಡು, ಯಾವ ತಾಯಿಗೆ ಯಾವ ಹೊತ್ತಿನಲ್ಲಿ ಫೋನ್ ಮಾಡಿದರೆ ಹೆಚ್ಚಿನ ಪ್ಯಾಕೇಜ್ ಕೊಂಡಾಳು ಎಂದು ಹುಡುಕತೊಡಗಿದರೆ ಆ ಸಡಿಲಿಕೆ ಅನ್ವಯಿಸಬಾರದು. ಅದೇ ಕಾಯ್ದೆ ತನ್ನ ದತ್ತಾಂಶದ ಸಾರಾಂಶ ಕೇಳುವ ಹಕ್ಕನ್ನೂ ವ್ಯಕ್ತಿಗೆ ಕೊಡುತ್ತದೆ. ಇಂದು ಎಷ್ಟೋ ತಾಣಗಳಲ್ಲಿ ಸದಸ್ಯತ್ವ ಮುಗಿದ ಮಾರನೆಯ ದಿನ, ಬರೆದ ಪರೀಕ್ಷೆ, ಮಾಡಿಕೊಂಡ ಟಿಪ್ಪಣಿ, ಪಡೆದ ಅಂಕ ಎಲ್ಲಕ್ಕೂ ಬೀಗ ಬೀಳುತ್ತದೆ. ಎರಡು ವರ್ಷದ ದುಡಿಮೆ ಕಳೆದುಹೋದೀತೆಂಬ ಭಯಕ್ಕೆ ಮೂರನೆಯ ವರ್ಷದ ಹಣ ಕಟ್ಟುವವರಿದ್ದಾರೆ. ಇಂಥ ನವೀಕರಣವೂ ಕಂಪನಿಯ ವರದಿಯಲ್ಲಿ ಸದಸ್ಯರ ನಿಷ್ಠೆ ಎಂದೇ ಎಣಿಕೆಯಾಗುತ್ತದೆ. ಹೊಸ ಪಾಠಗಳಿಗೆ ಬೀಗ ಹಾಕಲಿ, ಅದು ಅವರ ಸರಕು. ಸದಸ್ಯರು ಬರೆದ ಉತ್ತರಗಳನ್ನೂ ಗಳಿಸಿದ ಅಂಕಗಳನ್ನೂ ಒಂದು ಕಡತವಾಗಿ, ಹಣ ಕೇಳದೆ, ಹೊರಡುವ ದಿನ ಅವರ ಕೈಗೆ ಕೊಡಬೇಕು. ಎನ್‌ಪಿಟಿಇಎಲ್ ಪ್ರಮಾಣಪತ್ರವನ್ನು ಒಮ್ಮೆ ಪಡೆದವರು ವರ್ಷಗಳ ನಂತರ ಕೆಲಸದ ಸಂದರ್ಶನಕ್ಕೆ ಹೋದಾಗಲೂ ಅದರ ಸಾಚಾತನವನ್ನು ಎದುರಿಗಿದ್ದವರು ಜಾಲದಲ್ಲೇ ಪರಿಶೀಲಿಸಬಹುದು. ಅದಕ್ಕಾಗಿ ಯಾರೂ ಯಾವ ಚಂದಾವನ್ನೂ ನವೀಕರಿಸಿ ಇಟ್ಟುಕೊಳ್ಳಬೇಕಾಗಿಲ್ಲ.